ಗೋಡೆಯೊಳಗಿನ ಸ್ಪೀಕರ್: ಮೊದಲು ಗೋಡೆ ನೋಡಿ, ಆಮೇಲೆ ಸ್ಪೀಕರ್ ಕೊಳ್ಳಿ

ಇನ್‌ವಾಲ್ ಸ್ಪೀಕರನ್ನು ಪ್ಯಾಕಿನಿಂದ ಹೊರತೆಗೆದು ಹಿಂದೆ ತಿರುಗಿಸಿದರೆ ಬರೀ ಮ್ಯಾಗ್ನೆಟ್ ಕಾಣುತ್ತದೆ. ಪಕ್ಕದಲ್ಲಿ ಮಂದ್ರವನ್ನೂ ತಾರಸ್ವರವನ್ನೂ ಬೇರೆ ಮಾಡುವ ಕ್ರಾಸ್‌ಓವರಿನ ಸಣ್ಣ ಬೋರ್ಡು, ವಯರ್ ಸಿಕ್ಕಿಸಲು ಎರಡು ಟರ್ಮಿನಲ್, ಸುತ್ತಲೂ ಪ್ಲಾಸ್ಟಿಕ್ ಚೌಕಟ್ಟು. ಅಷ್ಟೇ. ಮಾಮೂಲಿ ಸ್ಪೀಕರಿಗಿರುವ ಮರದ ಡಬ್ಬಿ ಇದಕ್ಕಿಲ್ಲ. ಡಬ್ಬಿಯ ಕೆಲಸವನ್ನು ನಿಮ್ಮ ಮನೆಯ ಗೋಡೆಯೇ ಮಾಡಲಿ ಎಂದು ತಯಾರಕರು ಬಿಟ್ಟಿದ್ದಾರೆ. ಅಂದರೆ ಅಂಗಡಿಯಿಂದ ನೀವು ತರುವುದು ಅರ್ಧ ಸ್ಪೀಕರನ್ನು ಮಾತ್ರ. ಉಳಿದರ್ಧ ತಯಾರಾಗುವುದು ನಿಮ್ಮ ಮನೆಯಲ್ಲಿ, ಮೇಸ್ತ್ರಿ, ಎಲೆಕ್ಟ್ರೀಷಿಯನ್ ಮತ್ತು ಜಿಪ್ಸಂ ಕೆಲಸದವರ ಕೈಯಲ್ಲಿ.

ಮಂಗಳೂರು, ಉಡುಪಿ ಕಡೆ ಹೊಸ ಮನೆ ಕಟ್ಟುವವರಲ್ಲಿ ಅನೇಕರು ಈಗ ಹಾಲ್‌ನಲ್ಲಿ ಟಿವಿಯ ಎರಡೂ ಬದಿಗೆ ಇಂಥ ಸ್ಪೀಕರ್ ಬೇಕೆನ್ನುತ್ತಾರೆ. ನೆಲದ ಮೇಲೆ ಡಬ್ಬಿ ಇಲ್ಲ, ಮಕ್ಕಳು ಬೀಳಿಸುವ ಭಯವಿಲ್ಲ, ಗುಡಿಸಿ ಒರೆಸಲು ಅಡ್ಡಿಯಿಲ್ಲ. ಆಸೆ ನ್ಯಾಯವಾದದ್ದೇ. ಆದರೆ ಕೆಲಸ ಕೆಡುವುದು ಹೆಚ್ಚಾಗಿ ಸ್ಪೀಕರಿನ ಆಯ್ಕೆಯಲ್ಲಿ ಅಲ್ಲ, ಗೋಡೆಯಲ್ಲಿ. ಆದ್ದರಿಂದ ಈ ಲೇಖನದ ಬಹುಪಾಲು ಗೋಡೆಯ ಬಗ್ಗೆಯೇ ಇದೆ.

ಡಬ್ಬಿ ಯಾಕೆ ಬೇಕು

ಸ್ಪೀಕರಿನ ಕೋನ್ ಮುಂದಕ್ಕೆ ಬಂದಾಗ ಎದುರಿನ ಗಾಳಿಯನ್ನು ಒತ್ತುತ್ತದೆ. ಅದೇ ಕ್ಷಣದಲ್ಲಿ ಹಿಂಬದಿಯ ಗಾಳಿಯನ್ನು ಸೆಳೆಯುತ್ತದೆ. ಹೀಗೆ ಮುಂದಿನಿಂದ ಒಂದು ಅಲೆ, ಹಿಂದಿನಿಂದ ಅದಕ್ಕೆ ತದ್ವಿರುದ್ಧವಾದ ಇನ್ನೊಂದು ಅಲೆ ಹೊರಡುತ್ತದೆ. ಇವೆರಡೂ ಕೂಡಿದರೆ ಒಂದನ್ನೊಂದು ಅಳಿಸಿಹಾಕುತ್ತವೆ. ತಾರಸ್ವರಕ್ಕೆ ಇದರಿಂದ ಹೆಚ್ಚು ತೊಂದರೆಯಿಲ್ಲ, ಅದರ ಅಲೆ ಚಿಕ್ಕದು. ಮಂದ್ರದ ಅಲೆ ದೊಡ್ಡದು. ನಮ್ಮ ಸೆಖೆಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 349 ಮೀಟರ್. 100 ಹರ್ಟ್ಸ್‌ನ ಒಂದು ಅಲೆಯ ಉದ್ದ ಮೂರೂವರೆ ಮೀಟರ್. ಆರೂವರೆ ಇಂಚಿನ ವೂಫರಿನ (ಮಂದ್ರ ನುಡಿಸುವ ದೊಡ್ಡ ಕೋನಿನ) ಅಂಚನ್ನು ಬಳಸಿಕೊಂಡು ಹಿಂದಿನಿಂದ ಮುಂದಕ್ಕೆ ಬರುವುದು ಅದಕ್ಕೆ ಲೆಕ್ಕಕ್ಕೇ ಇಲ್ಲ. ಆದ್ದರಿಂದಲೇ ಬಿಡಿ ವೂಫರನ್ನು ಕೈಯಲ್ಲಿ ಹಿಡಿದು ಹಾಡು ಹಾಕಿದರೆ ಬೇಸ್ ಇಲ್ಲದೆ ಹಳೆಯ ರೇಡಿಯೋದ ಹಾಗೆ ಕೇಳುತ್ತದೆ. ಹಿಂದಿನ ಅಲೆಯನ್ನು ಮುಂದಿನದರಿಂದ ಪೂರ್ತಿ ಬೇರ್ಪಡಿಸುವುದು ಡಬ್ಬಿಯ ಮೊದಲ ಕೆಲಸ. ಡಬ್ಬಿಯೊಳಗಿನ ಗಾಳಿ ಸ್ಪ್ರಿಂಗಿನಂತೆ ಕೋನನ್ನು ಹಿಡಿತದಲ್ಲಿಡುವುದು ಎರಡನೆಯದು.

ತಂಬೂರಿಯ ಬುರುಡೆಗೂ ಸ್ಪೀಕರಿನ ಗೋಡೆಗೂ ಇರುವ ವ್ಯತ್ಯಾಸವನ್ನು ಇಲ್ಲಿಯೇ ಹೇಳಿಬಿಡಬೇಕು. ಬುರುಡೆ ತಂತಿಯ ಜೊತೆ ನಡುಗಿದರೇ ನಾದ. ಸ್ಪೀಕರಿನ ಗೋಡೆ ಮಾತ್ರ ನಡುಗಲೇಬಾರದು. ನಡುಗಿದ ಗೋಡೆ ತನ್ನದೇ ಸ್ವರವೊಂದನ್ನು ಎಲ್ಲ ಹಾಡಿಗೂ ಸೇರಿಸುತ್ತದೆ. ಗಟ್ಟಿ ಗೋಡೆ, ಗಾಳಿ ಸೋರದ ಪೊಳ್ಳು: ಇಷ್ಟು ಸಿಕ್ಕಿದರೆ ಮುಕ್ಕಾಲು ಕೆಲಸ ಮುಗಿಯಿತು.

ಗೋಡೆಯೊಳಗೆ ಕೂತ ಸ್ಪೀಕರಿಗೆ ಡಬ್ಬಿ ಸ್ಪೀಕರಿಗಿಲ್ಲದ ಎರಡು ಅನುಕೂಲಗಳಿವೆ. ಅಂದಕ್ಕಾಗಿ ಇದನ್ನು ಹಾಕಿಸುವವರಿಗೆ ಇವು ಗೊತ್ತಿರುವುದೇ ಇಲ್ಲ, ಹಾಗಾಗಿ ತುಸು ಬಿಡಿಸಿ ಹೇಳುತ್ತೇನೆ. 20 ಸೆಂ.ಮೀ. ಅಗಲದ ಡಬ್ಬಿಯಿಂದ ಹೊರಡುವ ಶಬ್ದ ಸುಮಾರು 600 ಹರ್ಟ್ಸ್‌ಗಿಂತ ಮೇಲೆ ಮುಂದಕ್ಕೆ ಮಾತ್ರ ಹೋಗುತ್ತದೆ, ಅದಕ್ಕಿಂತ ಕೆಳಗೆ ಡಬ್ಬಿಯನ್ನು ಸುತ್ತಿಕೊಂಡು ಹಿಂದಕ್ಕೂ ಹರಡುತ್ತದೆ. ಇದರಿಂದ ಕೇಳುಗನತ್ತ ಬರುವ ಮಂದ್ರ 6 ಡೆಸಿಬಲ್‌ವರೆಗೆ ಕುಗ್ಗಬಹುದು. ತಯಾರಕರು ಕ್ರಾಸ್‌ಓವರಿನಲ್ಲಿ ಇದನ್ನು ಸರಿದೂಗಿಸಬೇಕು. ಗೋಡೆಯಲ್ಲಿ ಕೂತ ಸ್ಪೀಕರಿಗೆ ಹಿಂದಿಲ್ಲ, ಇಡೀ ಗೋಡೆಯೇ ಅದರ ಮುಖ. ಈ ನಷ್ಟವೇ ಆಗುವುದಿಲ್ಲ.

ಎರಡನೆಯದು ಇದಕ್ಕಿಂತ ಮುಖ್ಯ. ಡಬ್ಬಿ ಸ್ಪೀಕರಿನ ಮುಖ ಹಿಂದಿನ ಗೋಡೆಯಿಂದ 60 ಸೆಂ.ಮೀ. ದೂರದಲ್ಲಿದ್ದರೆ, ಹಿಂದಕ್ಕೆ ಹೋಗಿ ಗೋಡೆಗೆ ಬಡಿದು ಮರಳುವ ಶಬ್ದ 145 ಹರ್ಟ್ಸ್ ಆಸುಪಾಸಿನಲ್ಲಿ ನೇರ ಶಬ್ದಕ್ಕೆ ವಿರುದ್ಧವಾಗಿ ನಿಲ್ಲುತ್ತದೆ. ಆ ಜಾಗದಲ್ಲಿ ಹಳ್ಳ ಬೀಳುತ್ತದೆ. ಗಂಡಸರ ಮಾತಿನ ಮೂಲಸ್ವರ ಇರುವುದು ಅಲ್ಲಿಯೇ. ಸ್ಪೀಕರನ್ನು ಹಿಂದೆ ಮುಂದೆ ಸರಿಸಿದರೆ ಹಳ್ಳವೂ ಬೇರೆ ಆವರ್ತನಕ್ಕೆ ಸರಿಯುತ್ತದೆಯೇ ಹೊರತು ಹೋಗುವುದಿಲ್ಲ. ಗೋಡೆಯ ಮಟ್ಟಕ್ಕೇ ಕೂರಿಸಿದ ಸ್ಪೀಕರಿನಲ್ಲಿ ಈ ಸಮಸ್ಯೆಗೆ ಜಾಗವೇ ಇಲ್ಲ. ದೊಡ್ಡ ರೆಕಾರ್ಡಿಂಗ್ ಸ್ಟುಡಿಯೋಗಳು ಮುಖ್ಯ ಮಾನಿಟರುಗಳನ್ನು ಗೋಡೆಯೊಳಗೆ ಕಟ್ಟಿಸುವುದು ಇದೇ ಕಾರಣಕ್ಕೆ.

ಅವರ ಗೋಡೆ ಬೇರೆ, ನಮ್ಮ ಗೋಡೆ ಬೇರೆ

ಈ ಸ್ಪೀಕರುಗಳ ವಿನ್ಯಾಸ ಬೆಳೆದದ್ದು ಅಮೆರಿಕದ ಮನೆಗಳನ್ನು ನೋಡಿ. ಅಲ್ಲಿಯ ಒಳಗೋಡೆ ಎಂದರೆ ಮೂರೂವರೆ ಇಂಚು ಆಳದ ಮರದ ಕಂಬಗಳು, ಒಂದರ ನಡುವಿನಿಂದ ಇನ್ನೊಂದರ ನಡುವಿಗೆ 16 ಇಂಚು, ಎರಡೂ ಕಡೆ ಅರ್ಧ ಇಂಚಿನ ಜಿಪ್ಸಂ ಬೋರ್ಡು. ಎರಡು ಕಂಬಗಳ ನಡುವೆ 77 ಲೀಟರಿನಷ್ಟು ಪೊಳ್ಳು ಪುಕ್ಕಟೆ ಸಿಗುತ್ತದೆ. ಬೋರ್ಡಿನಲ್ಲಿ ಕಂಡಿ ಕೊರೆದು ಸ್ಪೀಕರ್ ತೂರಿಸಿ ಸ್ಕ್ರೂ ತಿರುಗಿಸಿದರೆ ಒಳಗಿನ ಕೊಕ್ಕೆಗಳು ಹೊರಚಾಚಿ ಬೋರ್ಡನ್ನು ಹಿಡಿದುಕೊಳ್ಳುತ್ತವೆ. ಅರ್ಧ ಗಂಟೆಯ ಕೆಲಸ. ಯೂಟ್ಯೂಬಿನಲ್ಲಿ ನೀವು ನೋಡುವ ವಿಡಿಯೋಗಳೆಲ್ಲ ಈ ಗೋಡೆಯವು.

ನಮ್ಮದು ಕೆಂಪುಕಲ್ಲಿನ ಗೋಡೆ. ಎಂಟೊಂಬತ್ತು ಇಂಚು ದಪ್ಪ, ಒಳಗೆ ಪೊಳ್ಳೇ ಇಲ್ಲ. ಕೋರೆಯಿಂದ ಕಡಿಯುವಾಗ ಮೆತ್ತಗಿರುವ ಕಲ್ಲು ಗಾಳಿ ಬಿಸಿಲಿಗೆ ಬಿದ್ದ ಮೇಲೆ ಗಟ್ಟಿಯಾಗುತ್ತದೆ, ಆದರೂ ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ. ಒಂದೇ ಕಲ್ಲಿನಲ್ಲಿ ಒಂದೆಡೆ ಕಬ್ಬಿಣದಂಥ ಗಂಟು, ಪಕ್ಕದಲ್ಲಿ ಉಗುರಿಗೆ ಉದುರುವ ಜೇಡಿ. ಇಂಥ ಗೋಡೆಯಲ್ಲಿ 30 ಸೆಂ.ಮೀ. ಅಗಲ, 45 ಸೆಂ.ಮೀ. ಎತ್ತರ, 11 ಸೆಂ.ಮೀ. ಆಳದ ಗೂಡು ಕೊರೆಯಬೇಕೆಂದರೆ ಪಳಗಿದ ಮೇಸ್ತ್ರಿಗಳೂ ಹಿಂದೇಟು ಹಾಕುತ್ತಾರೆ. "ಕೊರೀಬಹುದು ಮಾರಾಯ್ರೆ, ಆದ್ರೆ ಕಲ್ಲು ಎಲ್ಲಿ ಬಿಡ್ತದೆ ಅಂತ ಹೇಳ್ಲಿಕ್ಕೆ ಆಗುದಿಲ್ಲ" ಎನ್ನುತ್ತಾರೆ. ಅವರ ಮಾತು ಕೇಳಿ. ಕಂಬ ತೊಲೆಗಳ ಚೌಕಟ್ಟಿಲ್ಲದೆ ಕೆಂಪುಕಲ್ಲಿನ ಮೇಲೆಯೇ ತಾರಸಿ ಹೊರಿಸಿದ ಮನೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಅಂಥ ಗೋಡೆಯ ಅರ್ಧ ದಪ್ಪ ತೆಗೆದರೆ ಭಾರ ಹೊರುವ ಶಕ್ತಿಯೇ ಕಡಿಮೆಯಾಗುತ್ತದೆ. ಇಂಜಿನಿಯರ್ ಬಂದು ನೋಡದೆ ಆ ಕೆಲಸಕ್ಕೆ ಕೈಹಾಕಬಾರದು.

ಹೊರಗೋಡೆಯನ್ನಂತೂ ಮುಟ್ಟಲೇಬೇಡಿ. ಕರಾವಳಿಯಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿ.ಮೀ.ಗಿಂತ ಹೆಚ್ಚು ಮಳೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ, ಗಾಳಿ ತೆಂಕಣ ಪಡುವಣದಿಂದ. ಪಡುಗಡೆಯ ಗೋಡೆಗೆ ದಿನಗಟ್ಟಲೆ ನೀರು ಹೊಡೆಯುತ್ತದೆ. ಕೆಂಪುಕಲ್ಲು ರಂಧ್ರಗಳ ಕಲ್ಲು, ಸಾರಣೆಯಲ್ಲಿ ಕೂದಲೆಳೆಯ ಬಿರುಕಿದ್ದರೂ ನೀರು ಕುಡಿಯುತ್ತದೆ. ಅಂಥ ಗೋಡೆಯ ಅರ್ಧ ದಪ್ಪವನ್ನು ಕೊರೆದು ವಾಯ್ಸ್ ಕಾಯಿಲ್ (ಕೋನನ್ನು ಓಡಿಸುವ ತಂತಿಸುರುಳಿ), ಕ್ರಾಸ್‌ಓವರ್ ಇಟ್ಟರೆ ಅದು ಎಷ್ಟು ಮಳೆಗಾಲ ಬಾಳಬಹುದೆಂದು ನೀವೇ ಊಹಿಸಿ.

ಫ್ಲ್ಯಾಟುಗಳ ಒಳಗೋಡೆ ಸಾಮಾನ್ಯವಾಗಿ ತೆಳ್ಳಗಿನ ಸಿಮೆಂಟ್ ಬ್ಲಾಕಿನದು. ಹಾಲೋ ಬ್ಲಾಕ್ ಎಂದ ಮಾತ್ರಕ್ಕೆ ಅದರ ಪೊಳ್ಳು ಸ್ಪೀಕರಿಗೆ ಸಾಕಾಗದು. ಕಾಂಕ್ರೀಟ್ ಕಂಬ, ಕಟ್ಟಡದ ಬಲಕ್ಕೆಂದು ಹಾಕಿದ ಕಾಂಕ್ರೀಟಿನ ಶಿಯರ್ ಗೋಡೆ ಇದ್ದರೆ ಕೊರೆಯುವ ಯೋಚನೆಯನ್ನೇ ಬಿಡಬೇಕು.

ಎದುರಿಗೆ ಇನ್ನೊಂದು ಗೋಡೆ

ನನ್ನ ಮಟ್ಟಿಗೆ ನಮ್ಮೂರಿನ ಮನೆಗಳಿಗೆ ಸರಿಯಾದ ದಾರಿ ಒಂದೇ: ಟಿವಿಯ ಹಿಂದಿನ ಕಲ್ಲಿನ ಗೋಡೆಯನ್ನು ಹಾಗೆಯೇ ಬಿಟ್ಟು, ಅದರೆದುರು ಜಿಐ ಸೆಕ್ಷನ್ (ಸತುವಿನ ಲೇಪದ ಕಬ್ಬಿಣದ ಪಟ್ಟಿ) ಮತ್ತು ಬೋರ್ಡಿನ ಇನ್ನೊಂದು ತೆಳುಗೋಡೆ ಕಟ್ಟುವುದು. ಹೇಗೂ ಈಗ ಟಿವಿಯ ಹಿಂದೆ ಪ್ಯಾನೆಲಿಂಗ್ ಮಾಡಿಸುವುದು ಎಲ್ಲ ಕಡೆ ಉಂಟು. ಅದೇ ಖರ್ಚನ್ನು ತುಸು ಹಿಗ್ಗಿಸಿ ಗಟ್ಟಿಯಾಗಿ ಮಾಡಿಸಿದರೆ ಸ್ಪೀಕರಿನ ಗೋಡೆಯೂ ಆಯಿತು.

ಇಲ್ಲಿ ಮೊದಲು ನೋಡಬೇಕಾದದ್ದು ಆಳ. ನೀವು ಕೇಳದಿದ್ದರೆ ಸೀಲಿಂಗ್ ಕೆಲಸದವರು 50 ಮಿ.ಮೀ. ಸ್ಟಡ್ (ಫ್ರೇಮಿನ ನಿಲುಪಟ್ಟಿ) ಹಾಕಿ ಮುಗಿಸುತ್ತಾರೆ. ಹೆಚ್ಚಿನ ಇನ್‌ವಾಲ್ ಸ್ಪೀಕರುಗಳಿಗೆ 80ರಿಂದ 100 ಮಿ.ಮೀ. ಆಳ ಬೇಕು. ಆದ್ದರಿಂದ ಸ್ಪೀಕರಿನ ಅಳತೆಯ ಹಾಳೆ ಕೈಯಲ್ಲಿಟ್ಟುಕೊಂಡೇ ಫ್ರೇಮಿನ ಮಾತಾಡಿ, 92 ಮಿ.ಮೀ. ಸ್ಟಡ್ ತರಿಸಿ, ಇಲ್ಲವೇ ಚಿಕ್ಕ ಸ್ಟಡ್ಡನ್ನೇ ಗೋಡೆಯಿಂದ ದೂರ ನಿಲ್ಲಿಸಿ. ಕಲ್ಲಿನ ಗೋಡೆಗೂ ಫ್ರೇಮಿಗೂ ನಡುವೆ ಕನಿಷ್ಠ 20 ಮಿ.ಮೀ. ಬಿಡಿ, ಗೋಡೆ ಬೆವರಿದರೆ ಬೋರ್ಡಿಗೆ ಹತ್ತಬಾರದು. ಎರಡು ಪದರ ಬೋರ್ಡು ಸೇರಿ ಒಟ್ಟು 14 ಸೆಂ.ಮೀ. ಆಸುಪಾಸು, ಅಂದರೆ ಕೋಣೆಯ ಉದ್ದದಲ್ಲಿ ಅರ್ಧ ಅಡಿ ಹೋಗುತ್ತದೆ. ಅಷ್ಟನ್ನು ಬಿಟ್ಟುಕೊಡಲು ಮನಸ್ಸಿಲ್ಲದಿದ್ದರೆ ಗೋಡೆಯ ಮೇಲೆ ತೂಗುಹಾಕುವ ತೆಳ್ಳಗಿನ ಆನ್‌ವಾಲ್ ಸ್ಪೀಕರ್ ಕೊಳ್ಳಿ. ಅದೇನೂ ಕಡಿಮೆ ದರ್ಜೆಯದಲ್ಲ. ಬಾಡಿಗೆ ಮನೆಯವರಿಗಂತೂ ಅದೇ ಸರಿ.

ಸ್ಟಡ್ಡುಗಳ ನಡುವಿನ ಅಂತರ ವಾಡಿಕೆಯ 600 ಮಿ.ಮೀ. ಇಟ್ಟರೆ ಬೋರ್ಡು ಚರ್ಮವಾದ್ಯದಂತೆ ನಡುಗುತ್ತದೆ. ಸ್ಪೀಕರ್ ಬರುವ ಭಾಗದಲ್ಲಿ 400ಕ್ಕೆ ಇಳಿಸಿ, ಕಂಡಿಯ ಮೇಲೂ ಕೆಳಗೂ ಅಡ್ಡ ಸೆಕ್ಷನ್ ಕೊಡಿಸಿ. ಬೋರ್ಡು 12.5 ಮಿ.ಮೀ.ನದು ಎರಡು ಪದರ, ಕೀಲುಗಳು ಒಂದರ ಮೇಲೊಂದು ಬೀಳದಂತೆ. ಒಳಪದರದ ಬದಲು 12 ಮಿ.ಮೀ. ಪ್ಲೈವುಡ್ ಹಾಕಿದರೆ ಇನ್ನೂ ಒಳ್ಳೆಯದು, ಸ್ಪೀಕರಿನ ಕೊಕ್ಕೆಗೆ ಹಿಡಿತ ಸಿಗುತ್ತದೆ. ಆದರೆ ಕೊಕ್ಕೆ ಎಷ್ಟು ದಪ್ಪದ ಗೋಡೆಯವರೆಗೆ ಹಿಡಿಯುತ್ತದೆ ಎಂಬುದನ್ನು ಮೊದಲೇ ಓದಿಕೊಳ್ಳಿ. ನಮ್ಮ ಹವೆಗೆ ಸಾದಾ ಬೋರ್ಡು ಬೇಡ, ತೇವ ತಡೆಯುವ ಹಸಿರು ಬೋರ್ಡು ಅಥವಾ ಫೈಬರ್ ಸಿಮೆಂಟ್ ಬೋರ್ಡು ತರಿಸಿ. ಪ್ಲೈವುಡ್ ಐಎಸ್ 710 ಗುರುತಿನ ಮರೈನ್ ದರ್ಜೆಯದಿರಲಿ. ಫ್ರೇಮ್ ನಿಲ್ಲಿಸುವ ಮೊದಲು ನೆಲದಂಚಿಗೆ ಗೆದ್ದಲಿನ ಔಷಧಿ ಹೊಡೆಸುವುದನ್ನು ಮರೆಯಬೇಡಿ. ಕತ್ತಲೆ, ತೇವ, ಮರ ಮೂರೂ ಸಿಗುವ ಜಾಗವನ್ನು ಗೆದ್ದಲು ಬಿಡುವುದಿಲ್ಲ.

ಈಗ ಪೊಳ್ಳಿನ ಮಾತು. ಇಡೀ ತೆಳುಗೋಡೆಯ ಹಿಂಭಾಗವನ್ನೇ ಡಬ್ಬಿಯಾಗಿ ಬಿಡಬಹುದು, ಅನೇಕ ಸ್ಪೀಕರುಗಳು ಅದಕ್ಕೆಂದೇ ಮಾಡಿದವು. ಆದರೆ ಎಡ ಬಲ ಎರಡೂ ಸ್ಪೀಕರುಗಳಿಗೆ ಒಂದೇ ಪೊಳ್ಳಾದರೆ ಒಂದರ ಒತ್ತಡ ಇನ್ನೊಂದನ್ನು ತಳ್ಳುತ್ತದೆ. ಸ್ವಿಚ್ ಬೋರ್ಡು, ಟಿವಿ ವಯರಿನ ತೂತುಗಳಿಂದ ಗಾಳಿ ಸೋರುತ್ತದೆ. ಆದ್ದರಿಂದ ಒಂದೊಂದಕ್ಕೂ ಬೇರೆ ಬ್ಯಾಕ್‌ಬಾಕ್ಸ್, ಅಂದರೆ ಹಿಂದೆ ಮುಚ್ಚಿದ ಪ್ಲೈವುಡ್ ಪೆಟ್ಟಿಗೆ, ಮಾಡಿಸುವುದು ನನಗೆ ಸರಿ ಕಾಣುತ್ತದೆ. ಒಳ ಅಳತೆ 300, 450, 95 ಮಿ.ಮೀ. ಇಟ್ಟರೆ ಹನ್ನೆರಡೂಮುಕ್ಕಾಲು ಲೀಟರ್ ಸಿಗುತ್ತದೆ. 95 ಮಿ.ಮೀ. ಒಳಆಳ ಬೇಕೆಂದರೆ ಹಿಂಬದಿಯ ಪ್ಲೈವುಡ್ಡಿನ ದಪ್ಪವನ್ನೂ ಲೆಕ್ಕ ಹಿಡಿದು ಫ್ರೇಮನ್ನು ಮುಂದಕ್ಕೆ ತರಬೇಕು. ತಯಾರಕರು ಎಷ್ಟು ಲೀಟರ್ ಹೇಳಿದ್ದಾರೋ ಅದಕ್ಕೆ ಹೊಂದಿಸಿ. ಕಡಿಮೆಯಾದರೆ ಬೇಸ್ ಉಬ್ಬಿ ಗುಮ್ಮೆನ್ನುತ್ತದೆ. ಪೆಟ್ಟಿಗೆಯ ಕೀಲುಗಳಿಗೆ ಸೀಲೆಂಟ್, ಒಳಗೆ ರಾಕ್‌ವೂಲ್ (ಕಲ್ಲಿನ ಎಳೆಯ ಹತ್ತಿ) ಸಡಿಲವಾಗಿ. ಅದರ ಎಳೆಗಳು ಕೋನಿನ ಕಡೆ ಹಾರದಂತೆ ತೆಳು ಬಟ್ಟೆಯಲ್ಲಿ ಸುತ್ತಿದರೆ ಒಳ್ಳೆಯದು.

ಬ್ಯಾಕ್‌ಬಾಕ್ಸಿನಿಂದ ನಮ್ಮೂರಿಗೇ ವಿಶೇಷವಾದ ಇನ್ನೊಂದು ಲಾಭವಿದೆ. ಬಿಟ್ಟ ಪೊಳ್ಳಿನಲ್ಲಿ ಇರುವೆ ಸಾಲು ಹಿಡಿಯುತ್ತದೆ, ಹಲ್ಲಿ ಮೊಟ್ಟೆಯಿಡುತ್ತದೆ, ಇಲಿ ವಯರ್ ಕಡಿಯುತ್ತದೆ. ಮುಚ್ಚಿದ ಪೆಟ್ಟಿಗೆಗೆ ಇವು ಯಾವುವೂ ಬರಲಾರವು.

ಹೊಸ ಮನೆ ಕಟ್ಟುತ್ತಿರುವವರಿಗೆ ಮಾತ್ರ ಇನ್ನೊಂದು ದಾರಿ ಉಂಟು. ಒಳಗೋಡೆ ಏಳುವಾಗಲೇ ಇಂಜಿನಿಯರ್ ಹತ್ತಿರ ಹೇಳಿ, ಮೇಲೆ ಸಣ್ಣ ಲಿಂಟೆಲ್ ಕೊಡಿಸಿ ಗೂಡು ಬಿಡಿಸಿಕೊಳ್ಳಬಹುದು. ಕಟ್ಟಿದ ಮೇಲೆ ಕೊರೆಯುವುದಕ್ಕಿಂತ ಇದು ನೂರು ಪಾಲು ಮೇಲು, ಕಲ್ಲಿನ ಗೂಡಿನಷ್ಟು ಗಟ್ಟಿ ಪೆಟ್ಟಿಗೆ ಬೇರೆ ಯಾವುದೂ ಇಲ್ಲ. ತೊಡಕು ಒಂದೇ: ಕಲ್ಲಿನ ಗೂಡನ್ನು ಆಮೇಲೆ ಸರಿಸಲಾಗದು.

ಕೂರುವ ಜಾಗ ಮೊದಲು

ಡಬ್ಬಿ ಸ್ಪೀಕರನ್ನು ಇವತ್ತು ಇಲ್ಲಿಟ್ಟು ನಾಳೆ ಅಲ್ಲಿಡಬಹುದು, ಕೇಳುಗನತ್ತ ತುಸು ತಿರುಗಿಸಬಹುದು. ಗೋಡೆಯ ಸ್ಪೀಕರ್ ಕೂತಲ್ಲೇ. ಆದ್ದರಿಂದ ಸೋಫಾ ಎಲ್ಲಿ ಬರುತ್ತದೆಂದು ನಿರ್ಧರಿಸಿಯೇ ಕಂಡಿ ಗುರುತು ಮಾಡಬೇಕು.

16 ಅಡಿ ಉದ್ದ, 12 ಅಡಿ ಅಗಲದ ಹಾಲ್ ಅಂದುಕೊಳ್ಳಿ, ಟಿವಿ 12 ಅಡಿಯ ಗೋಡೆಯಲ್ಲಿ. ಎಡ ಬಲ ಸ್ಪೀಕರುಗಳು ಕೇಳುಗನ ನೇರ ದೃಷ್ಟಿಯಿಂದ 30 ಡಿಗ್ರಿಯಲ್ಲಿರಬೇಕು ಎನ್ನುವುದು ಎಲ್ಲರೂ ಒಪ್ಪಿದ ಅಳತೆ. ಸೋಫಾದಲ್ಲಿ ಕೂತವರ ಕಿವಿ ಆ ಗೋಡೆಯಿಂದ 3 ಮೀಟರ್ ದೂರವಿದ್ದರೆ 30 ಡಿಗ್ರಿಗೆ ಸ್ಪೀಕರುಗಳ ನಡುವೆ ಸುಮಾರು 3.46 ಮೀಟರ್ ಬೇಕು. ಗೋಡೆ ಇರುವುದೇ 3.66 ಮೀಟರ್, ಸ್ಪೀಕರ್ ಮೂಲೆಗೆ ಅಂಟಿಬಿಡುತ್ತದೆ, ಬೇಸ್ ಉಬ್ಬುತ್ತದೆ, ಪಕ್ಕದ ಗೋಡೆಯ ಪ್ರತಿಫಲನ ಮಾತನ್ನು ಮಬ್ಬಾಗಿಸುತ್ತದೆ. ಸೋಫಾವನ್ನು ಅರ್ಧ ಮೀಟರ್ ಮುಂದೆ ತಂದರೆ ಅದೇ 30 ಡಿಗ್ರಿಗೆ 2.9 ಮೀಟರ್ ಸಾಕು, ಪಕ್ಕದ ಗೋಡೆಗೆ ಒಂದೂಕಾಲು ಅಡಿ ಸಿಗುತ್ತದೆ. ಗೋಡೆಗೆ ಒತ್ತಿ ಸೋಫಾ ಇಡುವುದು ನಮ್ಮಲ್ಲಿ ಅಭ್ಯಾಸ. ಹಿಂದೆ ಅರ್ಧ ಮೀಟರ್ ಬಿಟ್ಟರೆ ಬೆನ್ನ ಹಿಂದಿನ ಗೋಡೆಯ ಗುಂಯ್ ಕೂಡ ಕಡಿಮೆಯಾಗುತ್ತದೆ.

ತಾರಸ್ವರ ನುಡಿಸುವ ಚಿಕ್ಕ ಘಟಕವಾದ ಟ್ವೀಟರ್ ಕೂತವರ ಕಿವಿಯ ಮಟ್ಟಕ್ಕೆ, ನೆಲದಿಂದ ಸುಮಾರು ಒಂದು ಮೀಟರಿಗೆ ಬರಲಿ. ಟಿವಿಯನ್ನು ಎತ್ತರಕ್ಕೆ ತೂಗುಹಾಕಿ ಸ್ಪೀಕರನ್ನೂ ಅದರ ಸರಿಸಮಕ್ಕೆ ಏರಿಸುವುದು ಬೇಡ. ಮಧ್ಯದ ಸ್ಪೀಕರ್ ಟಿವಿಯ ಕೆಳಗೆ. ಸಿನಿಮಾದ ಮಾತೆಲ್ಲ ಬರುವುದು ಅದರಿಂದ, ಉಳಿತಾಯ ಮಾಡುವುದಿದ್ದರೆ ಬೇರೆ ಕಡೆ ಮಾಡಿ. ಸುತ್ತಲಿನ ಸದ್ದಿಗಿರುವ ಸರೌಂಡ್ ಜೋಡಿ ಕೇಳುಗನ ಪಕ್ಕದಿಂದ ತುಸು ಹಿಂದೆ, 110 ಡಿಗ್ರಿಯ ಆಸುಪಾಸು.

ಅಟ್ಮಾಸ್‌ಗೆ, ಅಂದರೆ ಮೇಲಿನಿಂದಲೂ ಸದ್ದು ಬರುವ ಸಿನಿಮಾ ಧ್ವನಿಗೆ, ಸೀಲಿಂಗಿನಲ್ಲಿ ಸ್ಪೀಕರ್ ಹಾಕಿಸುವವರು ಫ್ಯಾನಿನ ಕಡೆ ಒಮ್ಮೆ ನೋಡಬೇಕು. ನಮ್ಮ ಸೆಖೆಗೆ ಹಾಲಿನ ನಡುವೆ ಫ್ಯಾನ್ ಇಲ್ಲದೆ ನಡೆಯುವುದಿಲ್ಲ. ಸ್ಪೀಕರಿಗೂ ಕಿವಿಗೂ ನಡುವೆ ರೆಕ್ಕೆ ತಿರುಗಿದರೆ ಶಬ್ದ ಕಂಪಿಸಿದಂತೆ ಕೇಳುತ್ತದೆ. ಫ್ಯಾನಿನ ವೃತ್ತದಿಂದ ಹೊರಗೆ, ಕೇಳುಗನ ಮುಂದೊಂದು ಜೋಡಿ, ಸಾಧ್ಯವಿದ್ದರೆ ಹಿಂದೊಂದು. ಸ್ಪೀಕರಿನ ಭಾರವನ್ನು ಬೋರ್ಡಿಗೆ ಬಿಡದೆ ಸ್ಲ್ಯಾಬಿಗೆ ತಂತಿ ಕಟ್ಟಿಸಿ. ಸ್ಲ್ಯಾಬ್ ಸೋರುವುದಿಲ್ಲ ಎಂದು ಒಂದು ಮಳೆಗಾಲ ನೋಡಿದ ಮೇಲೆಯೇ ಫಾಲ್ಸ್ ಸೀಲಿಂಗ್ ಮುಚ್ಚಿ. ಹಂಚಿನ ಮಾಡಿನ ಮನೆಯವರಿಗೆ, ತಾರಸಿಯ ಮೇಲೆ ಶೀಟ್ ಹೊದೆಸಿದ ಮೇಲಂತಸ್ತಿನವರಿಗೆ ಒಂದು ಮಾತು: ಜುಲೈ ಮಳೆಯ ಸದ್ದಿನ ಎದುರು ಯಾವ ಸೀಲಿಂಗ್ ಸ್ಪೀಕರೂ ಗೆಲ್ಲುವುದಿಲ್ಲ. ಆ ದುಡ್ಡನ್ನು ಎದುರಿನ ಮೂರು ಸ್ಪೀಕರುಗಳ ಮೇಲೆ ಹಾಕಿ.

ವಯರ್, ಸಿಡಿಲು, ಧೂಳು

ವಯರಿನ ವಿಷಯದಲ್ಲಿ ಮಾರಾಟಗಾರರ ಮಾತು ಜಾಸ್ತಿ, ಲೆಕ್ಕ ಸುಲಭ. ವಯರಿನ ರೋಧ ಸ್ಪೀಕರಿನ ಓಮ್‌ಗಳ ಶೇ. 5ಕ್ಕಿಂತ ಕಡಿಮೆ ಇದ್ದರೆ ಸಾಕು. ಆಂಪ್ಲಿಫಯರಿನಿಂದ ಸ್ಪೀಕರಿಗೆ 10 ಮೀಟರ್ ಎಂದರೆ ಹೋಗಿ ಬರುವ ದಾರಿ 20 ಮೀಟರ್. 1.5 ಚದರ ಮಿ.ಮೀ. ತಾಮ್ರದ ಎಳೆವಯರಿನಲ್ಲಿ ಅದು ಸುಮಾರು 0.27 ಓಮ್, 2.5ರಲ್ಲಿ 0.16. ಎಂಟು ಓಮ್ ಸ್ಪೀಕರಿಗೆ 1.5 ನಡೆಯುತ್ತದೆ, ನಾಲ್ಕು ಓಮ್‌ನದಕ್ಕೆ 2.5 ಬೇಕು. ಗೋಡೆಯೊಳಗೆ ಸೇರಿದ ಮೇಲೆ ಬದಲಿಸುವುದು ಕಷ್ಟವಾದ್ದರಿಂದ ಎಲ್ಲದಕ್ಕೂ 2.5 ಹಾಕಿಸಿಬಿಡಿ. ಅಸಲಿ ತಾಮ್ರವಿರಲಿ, ಅಗ್ಗಕ್ಕೆ ಸಿಗುವ, ಅಲ್ಯೂಮಿನಿಯಂಗೆ ತಾಮ್ರದ ಲೇಪ ಹಚ್ಚಿದ ವಯರ್ ನಮ್ಮ ಉಪ್ಪುಗಾಳಿಗೆ ಬೇಗ ಕೆಡುತ್ತದೆ. ಮಲ್ಪೆ, ಪಣಂಬೂರು, ಉಳ್ಳಾಲದ ಹಾಗೆ ಕಡಲಂಚಿನ ಮನೆಯಾದರೆ ತವರ ಲೇಪಿಸಿದ ತಾಮ್ರ ಇನ್ನೂ ಒಳ್ಳೆಯದು.

ವಯರನ್ನು ನೇರವಾಗಿ ಸಾರಣೆಯಲ್ಲಿ ಹೂಳಬಾರದು, 25 ಮಿ.ಮೀ. ಪಿವಿಸಿ ಪೈಪಿನೊಳಗೆ ಎಳೆಯಬೇಕು. 230 ವೋಲ್ಟಿನ ಲೈನಿನಿಂದ ಒಂದಡಿ ದೂರ, ದಾಟಲೇಬೇಕಾದರೆ ಲಂಬಕೋನದಲ್ಲಿ. ಸ್ಪೀಕರ್ ಕೊಳ್ಳಲು ಈಗ ದುಡ್ಡಿಲ್ಲದಿದ್ದರೂ ಮನೆ ಕಟ್ಟುವಾಗ ಪೈಪ್ ಹಾಕಿ, ಒಳಗೆ ನೈಲಾನ್ ದಾರ ಬಿಟ್ಟಿಡಿ. ಸಾರಣೆಗೆ ಮೊದಲು ಟೇಪ್ ಹಿಡಿದು ಪ್ರತಿ ಗೋಡೆಯ ಫೋಟೋ ತೆಗೆದಿಟ್ಟುಕೊಂಡರೆ ಮುಂದೆ ಮೊಳೆ ಹೊಡೆಯುವಾಗ ಪೈಪಿಗೆ ತಾಗುವುದಿಲ್ಲ.

ಗುಡುಗು ಮಿಂಚಿನ ಕಾಲ ಏಪ್ರಿಲ್, ಮೇ, ಮತ್ತೆ ಅಕ್ಟೋಬರ್. ಸ್ಪೀಕರಿಗೆ ಅದರಿಂದ ನೇರ ಅಪಾಯ ಕಡಿಮೆ, ಸುಡುವುದು ಆಂಪ್ಲಿಫಯರ್. ಸರಿಯಾದ ಅರ್ತಿಂಗ್ ಮತ್ತು ಸರ್ಜ್ ಪ್ರೊಟೆಕ್ಟರ್ ಇರಲೇಬೇಕು. ಆದರೂ ಮೋಡ ಕಟ್ಟಿದಾಗ ಪ್ಲಗ್ ತೆಗೆಯುವುದಕ್ಕೆ ಸಮನಾದ ರಕ್ಷಣೆ ಬೇರೆ ಇಲ್ಲ. ಕರೆಂಟಿನ ಪ್ಲಗ್ ತೆಗೆದು ಟಿವಿ ಕೇಬಲ್, ಲ್ಯಾನ್ ವಯರ್ ಹಾಗೆಯೇ ಬಿಟ್ಟರೆ ಸಿಡಿಲಿನ ವಿದ್ಯುತ್ತು ಆ ದಾರಿಯಲ್ಲಿ ಬರುತ್ತದೆ. ಅಮೆರಿಕದಲ್ಲಿರುವ ಮಕ್ಕಳು ಸ್ಪೀಕರ್ ತಂದುಕೊಟ್ಟರೆ ಧಾರಾಳವಾಗಿ ಹಾಕಿ, ಆದರೆ ಆಂಪ್ಲಿಫಯರ್ ಅಲ್ಲಿಯದಾದರೆ ಅದು 120 ವೋಲ್ಟಿನದೋ ಎಂದು ಹಿಂಬದಿಯ ಚೀಟಿ ಓದದೆ ಪ್ಲಗ್ಗಿಗೆ ಸಿಕ್ಕಿಸಬೇಡಿ.

ಸ್ಪೀಕರ್ ಕೂರಿಸುವುದು ಎಲ್ಲಕ್ಕಿಂತ ಕೊನೆಗೆ. ಗೋಡೆ ಕೊರೆತ, ಬೋರ್ಡಿನ ಪಟ್ಟಿ, ಪುಟ್ಟಿ ತಿಕ್ಕುವುದು, ಪೈಂಟ್ ಎಲ್ಲ ಮುಗಿದು ಕೋಣೆ ಒರೆಸಿದ ಮೇಲೆ. ವಾಯ್ಸ್ ಕಾಯಿಲ್ ಓಡಾಡುವ ಸಂದು ಒಂದು ಮಿ.ಮೀ.ಗಿಂತಲೂ ಕಿರಿದು. ಕೆಂಪುಕಲ್ಲಿನ ಧೂಳು ಅದರೊಳಗೆ ಹೋಯಿತೆಂದರೆ ತೆಗೆಯಲಾಗದು. ಕೋನಿನ ಎರಡೂ ಬದಿಗೆ ಬೆರಳಿಟ್ಟು ಮೆಲ್ಲಗೆ ಒಳಕ್ಕೆ ಒತ್ತಿದಾಗ ಕರಕರ ಎನ್ನಿಸಿದರೆ ಧೂಳು ಒಳಗೆ ಸೇರಿದೆ ಎಂದು ತಿಳಿಯಿರಿ. ಇದೇ ಕಾರಣಕ್ಕೆ ಸ್ಪೀಕರಿನ ಪ್ಯಾಕನ್ನು ಸೈಟಿನಲ್ಲಿ ಬಿಚ್ಚಿಡಬೇಡಿ. ಕೊಳ್ಳುವಾಗ ಪಾಲಿಪ್ರೊಪಿಲೀನ್ ಕೋನ್, ರಬ್ಬರ್ ಸುತ್ತುಪಟ್ಟಿ, ಅಲ್ಯೂಮಿನಿಯಂ ಜಾಲರಿ ಇರುವುದನ್ನೇ ನೋಡಿ. ಫೋಮಿನ ಸುತ್ತುಪಟ್ಟಿ ನಮ್ಮ ತೇವಕ್ಕೆ ಪುಡಿಯಾಗುತ್ತದೆ, ಸ್ಟೀಲ್ ಜಾಲರಿ ತುಕ್ಕು ಹಿಡಿದು ಬಿಳಿ ಗೋಡೆಯ ಮೇಲೆ ಕಂದು ಕಲೆ ಬಿಡುತ್ತದೆ. ಜಾಲರಿಗೆ ಗೋಡೆಯ ಬಣ್ಣವನ್ನೇ ಹೊಡೆಸಬಹುದು, ಆದರೆ ಸ್ಪ್ರೇಯಿಂದ, ತೆಳ್ಳಗೆ. ಬ್ರಶ್ಶಿನಿಂದ ಬಳಿದರೆ ತೂತು ಮುಚ್ಚಿ ತಾರಸ್ವರ ಸಾಯುತ್ತದೆ. ಕೊಕ್ಕೆಯ ಸ್ಕ್ರೂವನ್ನು ಡ್ರಿಲ್ಲಿನಿಂದ ತಿರುಗಿಸಬೇಡಿ. ಕೈ ಸ್ಕ್ರೂಡ್ರೈವರಿನಲ್ಲಿ, ಎದುರುಬದುರಾಗಿ ಒಂದೊಂದೇ ಸುತ್ತು, ಚೌಕಟ್ಟು ಗೋಡೆಗೆ ಕಚ್ಚಿದ ಕೂಡಲೇ ನಿಲ್ಲಿಸಿ.

ಮುಚ್ಚುವ ಮೊದಲಿನ ಪರೀಕ್ಷೆ

ಪ್ಲಸ್ ಮೈನಸ್ ಅದಲು ಬದಲಾದರೆ ಸ್ಪೀಕರ್ ಸುಡುವುದಿಲ್ಲ, ಹಾಡಿನ ಜೀವ ಹೋಗುತ್ತದೆ: ಬೇಸ್ ಕರಗುತ್ತದೆ, ಗಾಯಕನ ದನಿ ನಡುವೆ ನಿಲ್ಲದೆ ಎಲ್ಲೆಲ್ಲೋ ತೇಲುತ್ತದೆ. ಪತ್ತೆಹಚ್ಚುವುದು ಸುಲಭ. ಆಂಪ್ಲಿಫಯರಿನಿಂದ ವಯರ್ ಬಿಡಿಸಿ, ಗೋಡೆ ಗಡಿಯಾರಕ್ಕೆ ಹಾಕುವ ಒಂದೂವರೆ ವೋಲ್ಟಿನ ಸೆಲ್ಲಿನ ಪ್ಲಸ್ಸನ್ನು ಪ್ಲಸ್ ವಯರಿಗೆ, ಮೈನಸ್ಸನ್ನು ಮೈನಸ್ಸಿಗೆ ಒಂದು ಕ್ಷಣ ಮುಟ್ಟಿಸಿ. ಇನ್ನೊಬ್ಬರು ಜಾಲರಿ ತೆಗೆದು ವೂಫರ್ ನೋಡುತ್ತಿರಲಿ. ಟಪ್ ಎಂದು ಹೊರಕ್ಕೆ ಬಂದರೆ ಸರಿ. ಎಲ್ಲ ಸ್ಪೀಕರುಗಳೂ ಒಂದೇ ಕಡೆ ಜಿಗಿಯಬೇಕು.

ಆಮೇಲೆ ಮೊಬೈಲಿನಿಂದ 20ರಿಂದ 200 ಹರ್ಟ್ಸ್‌ವರೆಗೆ ಏರುವ ಸ್ವರವನ್ನು ಮಧ್ಯಮ ಸದ್ದಿನಲ್ಲಿ ಹಾಕಿ, ಅಂಗೈಯನ್ನು ಗೋಡೆಗಿಟ್ಟು ನಡೆದಾಡಿ. ಎಲ್ಲಿ ನಡುಗುತ್ತದೋ ಅಲ್ಲೊಂದು ಸ್ಕ್ರೂ ಬೇಕು. ಝರ್ ಎಂಬ ಸದ್ದು ಬಂದರೆ ಹೆಚ್ಚಾಗಿ ಅದು ಸಡಿಲ ವಯರ್ ಬೋರ್ಡಿಗೆ ಬಡಿಯುವುದು, ಇಲ್ಲವೇ ಟಿವಿಯ ಬ್ರ್ಯಾಕೆಟ್. ಪೈಂಟ್ ಮುಗಿದ ಮೇಲೆ ಇದನ್ನು ಹುಡುಕುವುದಕ್ಕಿಂತ ಬೋರ್ಡಿನ ಮೊದಲ ಪದರ ಕೂತಾಗಲೇ ಒಂದು ಸ್ಪೀಕರನ್ನು ಸ್ವಲ್ಪ ಹೊತ್ತಿಗೆ ಸಿಕ್ಕಿಸಿ ಕೇಳುವುದು ಜಾಣತನ. ಆ ಹೊತ್ತಿನಲ್ಲಿ ಪುಟ್ಟಿಯ ಕೆಲಸ ನಡೆಯುತ್ತಿರಬಾರದು.

ರಿಸೀವರಿನ (ಎಲ್ಲ ಸ್ಪೀಕರುಗಳನ್ನೂ ನಡೆಸುವ ಆಂಪ್ಲಿಫಯರಿನ) ಮೆನುವಿನಲ್ಲಿ ಗೋಡೆಯ ಸ್ಪೀಕರುಗಳನ್ನೆಲ್ಲ "ಸ್ಮಾಲ್" ಎಂದಿಟ್ಟು, 80 ಹರ್ಟ್ಸ್‌ಗಿಂತ ಕೆಳಗಿನದನ್ನು ನೆಲದ ಮೇಲಿನ ಸಬ್‌ವೂಫರಿಗೆ ಬಿಡಿ. ಗೋಡೆ ನಡುಗುವ ಕಾಟವೂ ಇದರಿಂದ ಅರ್ಧ ಇಳಿಯುತ್ತದೆ. ವಾಟಿನ ಚಿಂತೆ ಬೇಡ. ಒಂದು ವಾಟಿಗೆ ಒಂದು ಮೀಟರ್ ದೂರದಲ್ಲಿ 88 ಡೆಸಿಬಲ್ ಕೊಡುವ ಸ್ಪೀಕರಿಗೆ 50 ವಾಟ್ ಕೊಟ್ಟರೆ 3 ಮೀಟರ್ ದೂರದಲ್ಲಿ 95 ಡೆಸಿಬಲ್ ದಾಟುತ್ತದೆ. ಮನೆಯಲ್ಲಿ ಅದು ಗದ್ದಲ.

ವಾಟಿಗಿಂತ ದೊಡ್ಡ ಶತ್ರು ಕೋಣೆಯೇ. ವಿಟ್ರಿಫೈಡ್ ಟೈಲ್, ಸಾರಣೆಯ ಗೋಡೆ, ಕಾಂಕ್ರೀಟ್ ಸ್ಲ್ಯಾಬ್, ದೊಡ್ಡ ಗಾಜಿನ ಕಿಟಕಿ. ನಾನು ಹೇಳಿದ 16, 12 ಅಡಿಯ ಹಾಲ್, 10 ಅಡಿ ಎತ್ತರದ್ದು, ಖಾಲಿ ಇದ್ದಾಗ ಒಂದು ಚಪ್ಪಾಳೆಯ ಸದ್ದು ಅಡಗಲು ಮೂರು ಸೆಕೆಂಡಿನಷ್ಟು ಬೇಕು. ಮಾತು ಸ್ಪಷ್ಟವಾಗಬೇಕಾದರೆ ಅದು ಅರ್ಧ ಸೆಕೆಂಡಿಗೆ ಇಳಿಯಬೇಕು. ನೆಲಕ್ಕೆ ದಪ್ಪ ಜಮಖಾನ, ಕಿಟಕಿಗೆ ನೆರಿಗೆ ತುಂಬಿದ ಭಾರದ ಪರದೆ, ಬಟ್ಟೆ ಹೊದಿಕೆಯ ಸೋಫಾ, ಹಿಂದಿನ ಗೋಡೆಗೆ ಪುಸ್ತಕದ ಕಪಾಟು: ಇವುಗಳ ಮುಂದೆ ದುಬಾರಿ ವಯರ್ ಏನೂ ಅಲ್ಲ. ಇವೆಲ್ಲ ಬಂದ ಮೇಲೆಯೇ ರಿಸೀವರಿನ ಮೈಕಿಟ್ಟು ಅಳತೆ ಮಾಡಿಸಿ.

ಕೇಳಿ ನೋಡಲು ಸಿನಿಮಾದ ಸ್ಫೋಟ ಸಾಲದು. ಕದ್ರಿ ಗೋಪಾಲನಾಥರ ಸ್ಯಾಕ್ಸೋಫೋನ್ ಹಾಕಿ. ಗಮಕದಲ್ಲಿ ಸ್ವರ ಮೇಲಕ್ಕೆ ಜಾರುವಾಗ ನಾದದ ಬಣ್ಣ ಒಂದೇ ಇರಬೇಕು. ನಡುವೆ ಎಲ್ಲೋ ಹಿಂದೆ ಸರಿದಂತೆ ಅನ್ನಿಸಿದರೆ ವೂಫರ್ ಮತ್ತು ಟ್ವೀಟರ್ ಸೇರುವ ಕಡೆ, ಅಥವಾ ಟ್ವೀಟರಿನ ಎತ್ತರದಲ್ಲಿ ತೊಂದರೆಯಿದೆ. ಮತ್ತೆ ತೆಂಕುತಿಟ್ಟು ಯಕ್ಷಗಾನದ ಒಂದು ಒಳ್ಳೆಯ ಧ್ವನಿಮುದ್ರಣ. ಭಾಗವತರ ದನಿ ಎರಡು ಸ್ಪೀಕರುಗಳ ನಡುವೆ, ಟಿವಿಯ ಜಾಗದಲ್ಲಿ ಗಟ್ಟಿಯಾಗಿ ನಿಲ್ಲಬೇಕು. ಚೆಂಡೆಯ ಪ್ರತಿ ಪೆಟ್ಟು ಬಿಡಿಬಿಡಿಯಾಗಿ ಬರಬೇಕು. ಪೆಟ್ಟಿನ ಹಿಂದೆ ಒಂದು ಗುಮ್ ಎಳೆದುಕೊಂಡು ಬರುತ್ತಿದ್ದರೆ ಅದು ಚೆಂಡೆಯದಲ್ಲ, ನಿಮ್ಮ ಬೋರ್ಡಿನದು. ಚಕ್ರತಾಳ ಕಿವಿಗೆ ಚುಚ್ಚಿದರೆ ಕೋಣೆಗೆ ಇನ್ನೂ ಬಟ್ಟೆ ಬೇಕು.

ಕೆಲಸ ಹಿಡಿಯಲು ಡಿಸೆಂಬರಿನಿಂದ ಏಪ್ರಿಲ್ ಒಳಗಿನ ಕಾಲ ಸರಿ. ಗೋಡೆ ಪೂರ್ತಿ ಒಣಗಿರುತ್ತದೆ, ಪುಟ್ಟಿ ಬೇಗ ಕಚ್ಚುತ್ತದೆ. ಮಳೆಗಾಲ ಮುಗಿದ ಮೇಲೆ ವರ್ಷಕ್ಕೊಮ್ಮೆ ಜಾಲರಿ ತೆಗೆದು ಒಣ ಬ್ರಶ್ಶಿನಿಂದ ಧೂಳು ಹೊಡೆಯಿರಿ, ಸ್ಕ್ರೂಗಳನ್ನು ಕಾಲು ಸುತ್ತು ಬಿಗಿ ಮಾಡಿ. ಒಂದು ಸ್ಪೀಕರನ್ನು ಹೊರಕ್ಕೆಳೆದು ಟರ್ಮಿನಲ್ಲಿನಲ್ಲಿ ವಯರಿನ ತುದಿ ಹಸಿರುಗಟ್ಟಿದೆಯೋ ನೋಡಿ. ಹಸಿರುಗಟ್ಟಿದ್ದರೆ ಅಷ್ಟು ಕತ್ತರಿಸಿ ಹೊಸ ತಾಮ್ರ ಸುಲಿದು ಸಿಕ್ಕಿಸಬೇಕು. ಅದಕ್ಕಾಗಿ ಪ್ರತಿ ಸ್ಪೀಕರಿನ ಹಿಂದೆ ಒಂದಡಿ ವಯರ್ ಹೆಚ್ಚಿಗೆ ಬಿಟ್ಟಿರಲಿ.